ಶೀನಣ್ಣನ ಬೆರಳು

ಪ್ರಿನ್ಸಿಪಾಲರು ವರ ಕೊಟ್ಟರೂ ರೂಟರ್ ಬಿಡದು. ಹೀಗೆ ತಿರುಚಿದ ಗಾದೆ ಸುಳ್ಳಾದರೂ ಆದೀತು, ಕಥೆ ಮಾತ್ರ ನಡೆದದ್ದೇ.

ಚಾಮರಾಜಪೇಟೆಯ ಆ ಕಾಲೇಜಿನಲ್ಲಿ ಹನ್ನೊಂದಕ್ಕೆ ಆನ್‌ಲೈನ್ ಪರೀಕ್ಷೆ. ಹತ್ತೂವರೆ ದಾಟಿದರೂ ಲ್ಯಾಬಿನ ನಲವತ್ತು ಪರದೆಗಳಲ್ಲಿ ಚಕ್ರ ತಿರುಗುತ್ತಲೇ ಇತ್ತು. ತಪ್ಪಿದರೆ ನಲವತ್ತು ಮಕ್ಕಳ ವರ್ಷ ಹಾಳು, ನೆಟ್‌ವರ್ಕ್ ನೋಡಿಕೊಳ್ಳುವ ಸ್ವರೂಪನ ಕೆಲಸವೂ ಅದರ ಹಿಂದೆಯೇ. ಲ್ಯಾಬ್ ಬಿಟ್ಟು ಬೇರೆಲ್ಲೂ ಇಂಟರ್‌ನೆಟ್ ಸಿಗಬಾರದೆಂದು ಬೆಳಿಗ್ಗೆ ಅವನೇ ರೂಟರ್‌ಗೆ ಪಟ್ಟಿ ಬರೆದಿದ್ದ: ಯಾರನ್ನೂ ಬಿಡಬೇಡ. ಅದರ ಕೆಳಗೆ: ಲ್ಯಾಬನ್ನು ಬಿಡು.

“ಪಟ್ಟಿ ಇನ್ನೊಂದ್ಸಲ ಓದಪ್ಪಾ,” ಎಂದರು ಕಂಪ್ಯೂಟರ್ ಪಾಠ ಮಾಡುವ ಗೋದಾ ಮೇಡಂ.

“ಹತ್ತು ಸಲ ಓದಿದೀನಿ ಮೇಡಂ. ಲ್ಯಾಬ್ ಬಿಡು ಅಂತ ಇದೆ. ಇದು ಕೇಬಲ್‌ದೇ ತೊಂದರೆ,” ಎಂದವನೇ ಮೂಲೆಯಂಗಡಿಗೆ ಓಡಿದ.

ಹೊಸ ಕೇಬಲ್ ಹಿಡಿದು ಬಂದರೆ ಗೇಟಿನಲ್ಲಿ ವಾಚ್‌ಮನ್ ಶೀನಣ್ಣ ಅಡ್ಡ ನಿಂತಿದ್ದ. ಕೈಯಲ್ಲಿ ಪ್ರಿನ್ಸಿಪಾಲ್ ವರದರಾಜರು ಬರೆಸಿದ್ದ ಪರೀಕ್ಷೆ ದಿನದ ಪಟ್ಟಿ.

“ಯಾರನ್ನೂ ಬಿಡಬೇಡ ಅಂತಿದೆ ಸಾರ್.”

“ಅದು ಕೊನೇ ಸಾಲು ಕಣ್ರೀ. ಮೇಲೆ ನನ್ನ ಹೆಸರಿದೆ.”

“ಕೊನೇಲಿತ್ತು. ಸಾಹೇಬ್ರು ಈಗ್ತಾನೆ ಫೋನ್ ಮಾಡಿ ಮೊದಲ್ನೇ ಸಾಲಿಗೆ ಬರಿ ಅಂದ್ರು, ಬರ್ದೆ. ನಿಮ್ಮ ಹೆಸರು ಕೆಳಗೆ ಹೋಯ್ತು. ಅಲ್ಲೀಗಂಟ ನಾನು ಹೋಗಲ್ಲ. ಮೇಲಿಂದ ಓದ್ಕೊಂಡು ಬರ್ತೀನಿ, ಹೊಂದೋ ಸಾಲು ಸಿಕ್ತೋ, ಅಲ್ಲಿಗೆ ನಿಲ್ಲಿಸ್ತೀನಿ.”

“ದಿನಾ ನನ್ನ ಮುಖ ನೋಡ್ತೀರಲ್ಲ ಶೀನಣ್ಣ.”

“ಮುಖ ನೋಡಿ ಬಿಡೋದಾದ್ರೆ ಪಟ್ಟಿ ಯಾಕೆ ಸಾರ್?”

ಸ್ವರೂಪನಿಗೆ ಥಟ್ಟನೆ ರೂಟರ್ ನೆನಪಾಯಿತು. ಗೋಡೆಗೆ ಮೊಳೆ ಹೊಡೆದು ಕೂರಿಸಿದ ಆ ಪುಟ್ಟ ಡಬ್ಬಿಯ ಬಾಗಿಲನ್ನು ಎವೆಯಿಕ್ಕುವಷ್ಟರಲ್ಲಿ ಸಾವಿರಾರು ಸಂದೇಶಗಳು ತಟ್ಟುತ್ತವೆ. ಒಂದೊಂದಕ್ಕೂ ಒಳಗಿನ ಶೀನಣ್ಣ ಮೊದಲ ಸಾಲಿನಿಂದಲೇ ಬೆರಳಿಟ್ಟು ಓದುತ್ತಾನೆ. ದಣಿವಿಲ್ಲ, ದಾಕ್ಷಿಣ್ಯವಿಲ್ಲ. ‘ಯಾರನ್ನೂ ಬಿಡಬೇಡ’ ಎಂಬ ಮೊದಲ ಸಾಲಿಗೇ ನಿಂತುಬಿಡುವ ಅವನು ಲ್ಯಾಬಿನ ಸಾಲನ್ನು ಬೆಳಿಗ್ಗೆಯಿಂದ ನೋಡಿಯೇ ಇಲ್ಲ.

ಅಷ್ಟರಲ್ಲಿ ಶೀನಣ್ಣನ ಫೋನ್ ಬಡಿದುಕೊಂಡಿತು. “ಆ ಸಾಲನ್ನ ವಾಪಸ್ ಕೆಳಗಿಳಿಸಯ್ಯಾ.” ಪ್ರಿನ್ಸಿಪಾಲರ ಮೂಗುದನಿ ಫೋನಿನಿಂದಲೂ ಬಂತು, ಗೇಟಿನ ಪಕ್ಕದ ಹೊಂಗೆಮರದ ಹಿಂದಿನಿಂದಲೂ ಬಂತು. ಒಂದು ಕೈಯಲ್ಲಿ ಫೋನ್ ಹಿಡಿದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮರದಾಚೆಯಿಂದ ಬಂದವರು ಗೋದಾ ಮೇಡಂ.

“ಈಗ ಓದಿದ್ಯಾ ಪಟ್ಟಿ?”

ಶೀನಣ್ಣ ಸಾಲನ್ನು ಮತ್ತೆ ಕೊನೆಗೆ ಬರೆದು ಗೇಟು ತೆಗೆದ. ಕೇಬಲ್ ಗೇಟಿನಲ್ಲೇ ಉಳಿಯಿತು. ಸ್ವರೂಪ ಓಡಿಹೋಗಿ ರೂಟರಿನ ಎರಡು ಸಾಲುಗಳನ್ನು ಅದಲುಬದಲು ಮಾಡಿದ. ಹನ್ನೊಂದಕ್ಕೆ ನಾಲ್ಕು ನಿಮಿಷವಿರುವಾಗ ನಲವತ್ತು ಪರದೆಗಳೂ ಒಟ್ಟಿಗೆ ಬೆಳಗಿದವು. ಮೇಡಂ ನಕ್ಕರು, ಮಕ್ಕಳು ನಕ್ಕರು. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕವನು ಸ್ವರೂಪ.

ಕಿಟಕಿಯಾಚೆ, ಗೇಟಿನ ಹೊರಗೆ, ಮಲ್ಲೇಶ್ವರದ ಮೀಟಿಂಗ್ ಮುಗಿಸಿಕೊಂಡು ಬಂದ ನಿಜವಾದ ವರದರಾಜರು ನಿಂತಿದ್ದರು. ಪಟ್ಟಿಯಲ್ಲಿ ಎಲ್ಲರ ಹೆಸರು ಬರೆಸಿದವರು ತಮ್ಮದನ್ನು ಬರೆಸಿರಲಿಲ್ಲ. ಶೀನಣ್ಣನ ಬೆರಳು ಒಂದೊಂದೇ ಸಾಲು ಕೆಳಗಿಳಿಯುತ್ತಿತ್ತು.