ರುದ್ರಣ್ಣನ ಉಣ್ಣೆಟೋಪಿ

ರುದ್ರಸ್ವಾಮಿ ಮತ್ತೆ ನುಣುಚಿಕೊಳ್ಳಲು ನೋಡಿದರು. ಮಹಾಂತೇಶ್ ಸಿದ್ಧಾರ್ಥನಗರದ ಪಾರ್ಕಿನ ಗೇಟಿಗೇ ಅಡ್ಡ ನಿಂತ.

"ರುದ್ರಣ್ಣ, ಈವತ್ತು ಬಿಡಲ್ಲ. ಅರ್ಜಿ ಹಾಕ್ತೀರೋ ಇಲ್ವೋ?"

ವಾಕಿಂಗಿಗೆ ಬಂದವರೆಲ್ಲ ತಿರುಗಿ ನೋಡಿದರು. ಮಹಾಂತೇಶನ ಗುಟ್ಟಿನ ಮಾತು ಅಷ್ಟು ದೂರ ಹೋಗುತ್ತಿತ್ತು.

ನಿವೃತ್ತ ಸೈನಿಕರನ್ನು ಉದ್ಧರಿಸುವ ಗುತ್ತಿಗೆಯನ್ನು ಅವನು ತಾನೇ ಹಿಡಿದಿದ್ದ. ಸೇನೆಯಲ್ಲಿ ಕೆಟ್ಟ ಕಿವಿಗೆ, ಮುರಿದ ಮಂಡಿಗೆ ಸಿಗುವ ಪಿಂಚಣಿಯನ್ನು ಓಡಾಡುವಾಗಲೇ ಕೇಳಬೇಕು, ಚಟ್ಟ ಏರಿದ ಮೇಲಲ್ಲ ಎಂಬುದು ಅವನ ನಿತ್ಯದ ಪ್ರವಚನ. ಕೃಷ್ಣಮೂರ್ತಿಪುರಂನಲ್ಲಿದ್ದ ರುದ್ರಸ್ವಾಮಿ ಈಚೆಗೆ ಇಲ್ಲಿಗೆ ಮನೆ ಬದಲಿಸಿ, ನೇರ ಅವನ ಬಾಯಿಗೆ ಬಿದ್ದಿದ್ದರು. ಇಬ್ಬರೂ ಒಂದೇ ಫಿರಂಗಿಯ ಪಕ್ಕ ವರ್ಷಗಟ್ಟಲೆ ನಿಂತವರು. ಆ ಸದ್ದಿಗೆ ಈ ಮುದುಕರ ಕಿವಿ ಹೋಗಿರಲೇಬೇಕು. ಇಲ್ಲದಿದ್ದರೆ ಈ ಸೆಕೆಯಲ್ಲಿ ಯಾರು ಉಣ್ಣೆಟೋಪಿ ಎಳೆದು ಕಿವಿ ಮುಚ್ಚಿಕೊಳ್ಳುತ್ತಾರೆ? ನಾಚಿಕೆ, ಮತ್ತೇನು. ತನ್ನ ಕಿವಿ ಮಾತ್ರ ಗಟ್ಟಿ, ದೇವರ ದಯೆ.

"ನನಗೆ ಚೆನ್ನಾಗೇ ಕೇಳುತ್ತೆ ಕಣೋ," ಎಂದರು ರುದ್ರಸ್ವಾಮಿ.

"ಬಾಯೊಳಗೇ ಮಾತಾಡ್ಬೇಡಿ."

ಈಗೀಗ ಎಲ್ಲರದೂ ಇದೇ ಚಾಳಿ. ಹೆಂಡತಿ ನೀಲಮ್ಮ ಗೊಣಗುತ್ತಾಳೆ. ಟಿವಿಯವರು ಪಿಸುಗುಟ್ಟುತ್ತಾರೆ. ಮೊನ್ನೆ ಒಬ್ಬ ಬಸ್ಸಿನವನಂತೂ ಹಾರನ್ನೇ ಹೊಡೆಯದೆ ಮೈಮೇಲೆ ಬಂದಿದ್ದ, ಮಹಾಂತೇಶ್ ಕೂದಲೆಳೆಯಲ್ಲಿ ಉಳಿದಿದ್ದ.

ರುದ್ರಸ್ವಾಮಿ ಕೊನೆಗೆ ದನಿ ಎತ್ತರಿಸಿದರು. "ಒಬ್ಬನೇ ಹೋಗೋಕೆ ಒಂಥರಾ ಆಗುತ್ತೆ. ಜೊತೆಗೆ ನೀನೂ ಒಂದು ಅರ್ಜಿ ಹಾಕು. ಆಗ ಆಸ್ಪತ್ರೆಗೆ ಬರ್ತೀನಿ."

ಮಹಾಂತೇಶ್ ನಕ್ಕ. ಮುದುಕರ ಮಾನ ಕಾಯಲು ಕಿವುಡನ ವೇಷ! ತ್ಯಾಗ ಅವನಿಗೆ ಹೊಸದಲ್ಲ. ಅವತ್ತೇ ಅರ್ಜಿ ಹಾಕಿದ. ಮನೆಯಲ್ಲಿ ನೀಲಮ್ಮ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಒಬ್ಬಟ್ಟು ತಟ್ಟಿದಳು.

ತಪಾಸಣೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೂ ಪ್ರವಚನ ನಿಲ್ಲಲಿಲ್ಲ.

"ಡಾಕ್ಟರ್ ಮುಂದೆ ಸೆಟೆದು ನಿಂತು 'ಎಲ್ಲಾ ಸರಿಯಾಗಿದೆ ಸಾಬ್' ಅಂದ್ಬುಟ್ಟೀರಾ! ಕೇಳಲ್ಲ ಅಂದ್ರೆ ಕೇಳಲ್ಲ ಅನ್ನಿ. ಇದೇನು ಭಿಕ್ಷೆಯಾ? ದುಡಿದದ್ದು!"

"ಆ ಮಾತು ಮರೀಬೇಡ."

ಬಾಗಿಲಲ್ಲಿ ನರ್ಸ್ ಒಂದು ಹೆಸರು ಕೂಗಿದಳು. ಯಾರೂ ಏಳಲಿಲ್ಲ. ಇನ್ನೂ ಜೋರಾಗಿ ಕೂಗಿದಳು. ಅವಳ ತುಟಿ ಆಡುವುದು ಕಂಡು ಮಹಾಂತೇಶ್ ಪಕ್ಕದವರನ್ನು ತಿವಿದ.

"ಏಳಿ, ನಿಮ್ಮನ್ನೇ ಕರೀತಿದಾರೆ. ಇಷ್ಟು ಹತ್ತಿರದಲ್ಲಿ ಕೂಗಿದ್ರೂ ಕೇಳಿಸ್ಲಿಲ್ವಲ್ಲ ರುದ್ರಣ್ಣ!"

ರುದ್ರಸ್ವಾಮಿ ನಿಧಾನವಾಗಿ ಟೋಪಿ ತೆಗೆದರು. ಎರಡೂ ಕಿವಿಗಳ ಹಿಂದೆ ಬಣ್ಣ ಮಾಸಿದ ಶ್ರವಣಯಂತ್ರಗಳು. ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದರು:

"ನನ್ನ ಪಿಂಚಣಿ ಮಂಜೂರಾಗಿ ಹತ್ತು ವರ್ಷ ಆಯ್ತು ಕಣೋ! ನೀಲಮ್ಮ ಕೇಳಿಕೊಂಡಳೂಂತ ಈ ನಾಟಕ. ಏಳು, ಆಕೆ ಕೂಗ್ತಿರೋದು ನಿನ್ನ ಹೆಸರು!"