ಅಜ್ಜಿ ಮಾತಾಡಿದ ಕ್ಯಾಸೆಟ್

ಹಾಡು ಮುಗಿಸಿ ಸ್ಟಾಪ್ ಒತ್ತಿದ ಮೇಲೆ ಅಕ್ಷರಾಗೆ ಕಂಡಿತು: ಅವಳು ತಂದ ಹೊಸ ಕ್ಯಾಸೆಟ್ಟು ಪ್ಲಾಸ್ಟಿಕ್ ಕೂಡ ಬಿಚ್ಚದೆ ಸೋಫಾದ ಮೇಲೆ ಬಿದ್ದಿದೆ. ಹಾಗಾದರೆ ಟೇಪ್ ರೆಕಾರ್ಡರಿನೊಳಗೆ ಇಷ್ಟು ಹೊತ್ತು ಸುತ್ತಿದ್ದು ಯಾವುದು?

ಮುಚ್ಚಳ ತೆಗೆದಳು. ಹಳದಿಗಟ್ಟಿದ ಕ್ಯಾಸೆಟ್ಟು. ಅಜ್ಜಿಯದು.

“ಮಮ್ಮೀ!”

ಎಲ್ಲ ಆ ಧಾರಾವಾಹಿಯಿಂದ ಆದದ್ದು. ನ್ಯೂಯಾರ್ಕಿನ ಬಡ ಬೀದಿಗಳಲ್ಲಿ ಹಿಪ್‌ಹಾಪ್ ಹುಟ್ಟಿದ ಕಥೆ, ಕಂತಿನ ತುಂಬ ಹಾಡು ಕುಣಿತ. ಅದರ ಹುಡುಗರು ಬೀದಿದೀಪದ ಕಂಬದಿಂದ ಕರೆಂಟು ಎಳೆದು ಹಾಡುತ್ತಾರೆ, ಕ್ಯಾಸೆಟ್ಟಿಗೆ ತುಂಬಿ ಕೈಯಿಂದ ಕೈಗೆ ದಾಟಿಸುತ್ತಾರೆ. ಅಕ್ಷರಾಗೆ ಹುಚ್ಚು ಹಿಡಿದಿತ್ತು. ತಾನು ಕಟ್ಟಿದ ರ‍್ಯಾಪನ್ನೂ ಫೋನಿಗಲ್ಲ, ಕ್ಯಾಸೆಟ್ಟಿಗೇ ಹಾಡಬೇಕು. ಅಪ್ಪ ತಮ್ಮಣ್ಣ ನಿನ್ನೆಯಷ್ಟೇ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯಲ್ಲಿ ತನ್ನ ಹಳೇ ಟೇಪ್ ರೆಕಾರ್ಡರಿಗೆ ಹೊಸ ಬೆಲ್ಟ್ ಹಾಕಿಸಿ, ಓಡುತ್ತದೋ ಇಲ್ಲವೋ ಎಂದು ಅಜ್ಜಿಯ ಕ್ಯಾಸೆಟ್ಟು ಹಾಕಿ ನೋಡಿದ್ದ. ತೆಗೆಯಲು ಮರೆತಿದ್ದ.

ಇವತ್ತು ಅಜ್ಜಿಯ ಪುಣ್ಯತಿಥಿ. ಸಂಜೆ ಕೆಲಸದಿಂದ ಬಂದು, ಸ್ನಾನ ಮಾಡಿ, ಎಸಿ ಬಂದ್ ಮಾಡಿ ಅಪ್ಪ ಅದನ್ನು ಕೇಳುತ್ತಾನೆ. ಪ್ರತಿ ವರ್ಷ ಅವನಿಗೆ ಅದೇ ಪೂಜೆ.

ಹೊಸ ಹೆಂಡತಿಯನ್ನು ಊರಲ್ಲಿ ಬಿಟ್ಟು ತಮ್ಮಣ್ಣ ಅಬುಧಾಬಿಗೆ ಹೊರಟಾಗ, “ಸಮುದ್ರ ದಾಟಿದ್ರ ಅವ್ವ ಸತ್ಲು ಅಂತ ತಿಳಕೋ” ಎಂದಿದ್ದಳಂತೆ ಅಜ್ಜಿ. ಪತ್ರಕ್ಕೆ ಉತ್ತರವಿಲ್ಲ. ಊರಲ್ಲಿ ಫೋನಿದ್ದ ಗೌಡರ ಮನೆಗೆ ಫೋನ್ ಮಾಡಿ ಕರೆಸಿದರೆ ಬರಲಿಲ್ಲ. ಕೊನೆಗೆ ರಜೆ ಮುಗಿಸಿ ಬಂದ ಊರವರೊಬ್ಬರ ಕೈಯಲ್ಲಿ ಈ ಕ್ಯಾಸೆಟ್ಟು ಬಂತು. ಅದರ ಬೆನ್ನಿಗೇ ಸಾವಿನ ಸುದ್ದಿ. “ಇದೊಂದು ಬರದಿದ್ರ, ನಾ ಈ ದೇಶದಾಗ ಉಂಡ ಅನ್ನ ಮೈಗೆ ಹತ್ತತಿರಲಿಲ್ಲ” ಎಂದು ಅಪ್ಪ ಪ್ರತಿ ಸಲ ಹೇಳುತ್ತಿದ್ದ.

ಗೋಡೆಯ ಮೇಲೆ ಅಜ್ಜಿಯ ಫೋಟೋ. ಹಣೆಗೆ ವಿಭೂತಿ, ಬೋಳು ಕೈ. ಕ್ಯಾಸೆಟ್ಟಿನಲ್ಲಿ ಮಾತ್ರ ಮೊದಲು ಬಳೆ ಸದ್ದು, ಆಮೇಲೆ ಕೆಮ್ಮು. ಚಿಕ್ಕವಳಿದ್ದಾಗ ಅಕ್ಷರಾ ಕೇಳಿದ್ದಳು, ಅಜ್ಜಿಗೆ ಬಳೆ ಎಲ್ಲಿಂದ ಬಂತು ಪಪ್ಪಾ ಅಂತ. “ನಿಮ್ಮವ್ವ ಬಾಜೂಕ ಟೇಪ್ ಹಿಡಕೊಂಡು ಕುಂತಿದ್ಲಲ್ಲ, ಅಕೀವು” ಎಂದಿದ್ದ ಅಪ್ಪ.

ಅವ್ವ ಗಿರಿಜವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಕ್ಷರಾ ಹಿಂದೆ ಸುತ್ತಿ ಪ್ಲೇ ಒತ್ತಿದಳು. “ತಮ್ಮಣ್ಣಾ” ಎಂಬ ಕೂಗು ಬರಬೇಕಾದ ಕಡೆ, “ಯೋ! ಮೈಕ್ ನಂದು, ಬೀದಿ ನಂದು!” ಎಂದು ಅವಳದೇ ದನಿ.

“ಎಷ್ಟು ಅಳಿಸೀದಿ?”

“ಆಲ್ ಆಫ್ ಇಟ್, ಮಮ್ಮಿ. ಪಪ್ಪಾ ಎದೆ ಒಡ್ಕೊಂಡು ಸಾಯ್ತಾರೆ.”

ಬೈಗುಳ ಬೀಳಲಿಲ್ಲ. ಗಿರಿಜವ್ವ ಫೋಟೋದ ಕಡೆ ಒಮ್ಮೆ ನೋಡಿದಳು. “ಕದಾ ಹಾಕು. ಎಸಿ ಬಂದ್ ಮಾಡು. ನಮ್ಮೂರಾಗ ಎಸಿ ಎಲ್ಲಿತ್ತು?”

ಗಿರಿಜವ್ವನ ಗಂಟಲಲ್ಲಿ ಅವರಿದ್ದ ಇಡೀ ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಬಡಾವಣೆ ಇತ್ತು. ಕೆಳಗಿನ ಮನೆಯ ಮರಿಯಮ್ ಬೀವಿಯ ಕೊಂಕು, ಸೂಪರ್ ಮಾರ್ಕೆಟ್ಟಿನ ಫಿಲಿಪಿನೋ ಹುಡುಗಿಯ “ಯೆಸ್ ಮ್ಯಾಮ್ ಸರ್”, ಯಾವುದು ಬೇಕು? ಧಾರಾವಾಹಿಯ ಹುಡುಗನೊಬ್ಬ ಬಾಯಲ್ಲೇ ಡ್ರಮ್ ಬಾರಿಸಿದಾಗ, “ಇಷ್ಟಕ್ಕ ಅಷ್ಟು ಚಪ್ಪಾಳಿನಾ?” ಎಂದು ತಾನೂ ಬಾರಿಸಿ ತೋರಿಸಿದ್ದಳು.

“ಅಜ್ಜಿ ಥರ ಬರತ್ತಾ ಮಮ್ಮಿ? ರೆಕಾರ್ಡ್ ಮಾಡಿದ್ಮೇಲೆ ನೀನು ಅದನ್ನ ಕೇಳೇ ಇಲ್ವಲ್ಲ! ಪಪ್ಪಾ ಹಾಕಿದ ತಕ್ಷಣ ಕಿಚನ್‌ಗೆ ಹೋಗಿ ಪಾತ್ರೆ ಕುಟ್ತೀಯ.”

“ಅಡಗಿಮನಿ ಗೋಡೀಗೂ ಕಿವಿ ಇರತಾವ.”

“ಬಳೆ ತೆಗಿ. ಸೌಂಡ್ ಬರತ್ತೆ.”

“ಬರ್ಲಿ. ಬಳಿ ಸದ್ದು ಇಲ್ಲಂದ್ರ ನಿಮ್ಮಪ್ಪಗ ಗೊತ್ತಾಗತದ.”

ಅಕ್ಷರಾ ರೆಕಾರ್ಡ್ ಒತ್ತಿದಳು. ಬಳೆ ಗಲ್ಲೆಂದವು. ಕೆಮ್ಮು. ಆಮೇಲೆ ಗೋಡೆಯ ಮೇಲಿನ ಮುದುಕಿಯೇ ಇಳಿದು ಬಂದು ಕೂತಳು.

“ತಮ್ಮಣ್ಣಾ... ನಾನಪ್ಪ, ನಿಮ್ಮವ್ವ. ಸಿಟ್ಟಿಲ್ಲ ನನಗ. ಹೊಟ್ಟಿ ತುಂಬ ಉಣ್ಣು. ಬಿಸಲಾಗ ತಲೀಗೆ ಅರಬಿ ಸುತ್ತಿಕೋ...”

ಎಲ್ಲೂ ತಡವರಿಕೆಯಿಲ್ಲ. ಉಸಿರು ಎಳೆಯುವ ಕಡೆಯೇ ಉಸಿರು. ನಡುವೆ ಹಿತ್ತಲ ಎಮ್ಮೆ ಕೂಗಬೇಕು, ಕೂಗಿತು. ಆ ಎಮ್ಮೆಯೂ ಅವಳೇ. ಮುಗಿಸಿದಾಗ ಗಿರಿಜವ್ವನ ಕೆನ್ನೆ ಒದ್ದೆಯಾಗಿತ್ತು. “ಬೆವರು” ಎಂದು ಸೆರಗಿನಲ್ಲಿ ಒರೆಸಿಕೊಂಡಳು.

ಸಂಜೆ ತಮ್ಮಣ್ಣ ಬಂದ. ಸ್ನಾನ ಮಾಡಿದ. ಎಸಿ ನಿಂತಿತು. ಅಡುಗೆಮನೆಯಲ್ಲಿ ಎಂದಿನಂತೆ ಪಾತ್ರೆ ಸದ್ದು ಶುರುವಾಯಿತು. ಅಕ್ಷರಾ ಅಪ್ಪನ ಮುಖವನ್ನೇ ನೋಡುತ್ತ ಕೂತಳು.

ನಡುವೆ ತಟಕ್ಕನೆ ಅವನು ಸ್ಟಾಪ್ ಒತ್ತಿದ. ಹಿಂದೆ ಸುತ್ತಿ ಮತ್ತೆ ಹಾಕಿದ. ಹುಬ್ಬು ಗಂಟಾಗಿತ್ತು. ಅಡುಗೆಮನೆಯ ಪಾತ್ರೆಗಳೂ ಸುಮ್ಮನಾದವು.

“ನಮ್ಮ ಎಮ್ಮಿ ಕೂಗು ಎಷ್ಟು ಸ್ವಚ್ಛ ಕೇಳತದ ನೋಡವ್ವ,” ಎಂದ ತಮ್ಮಣ್ಣ, ಕಣ್ಣು ಒರೆಸಿಕೊಳ್ಳುತ್ತ. “ಬೆಲ್ಟ್ ಹೊಸಾದು ಹಾಕಿಸಿದ್ದು ಚಲೋ ಆತು.”

ಅವನು ಕೊನೆಯ ತನಕ ಕೇಳಿದ. ಫೋಟೋಗೆ ಕೈ ಮುಗಿದ. ಹಸಿವಾಗಿದೆ, ತಾಟು ಹಾಕು ಎಂದ.

ಅಕ್ಷರಾ ಅಡುಗೆಮನೆಗೆ ಓಡಿ ಅವ್ವನನ್ನು ಹಿಂದಿನಿಂದ ತಬ್ಬಿಕೊಂಡಳು. “ಮಮ್ಮಿ, ಪಪ್ಪಾಗೆ ಗೊತ್ತೇ ಆಗಲಿಲ್ಲ!”

“ಆವಾಗರ ಎಲ್ಲಿ ಗೊತ್ತಾಗಿತ್ತು?” ಗಿರಿಜವ್ವ ತಾಟಿಗೆ ರೊಟ್ಟಿ ಹಾಕಿದಳು. “ಮುದುಕಿ ಸಾಯೂತನಕ ಮಗನ ಹೆಸರು ಎತ್ತಲಿಲ್ಲವ್ವ. ಆ ಸಲ ಮಾತಾಡಿದಾಕೀನೂ ನಾನ.”