ಅಂದಾನೆಪ್ಪನ ಹೆಜ್ಜೆ

ಕಾಲು ಕಳೆದುಕೊಂಡ ಒಬ್ಬರು ಬಳಸಿದ ಮೋಟಾರಿನ ಕೃತಕ ಪಾದವನ್ನು ಇನ್ನೊಬ್ಬರಿಗೆ ಕಟ್ಟಿದರೆ, ಮೊದಮೊದಲು ಅದು ಮೊದಲಿನವರ ನಡಿಗೆಯನ್ನೇ ನಡೆಯುತ್ತಿತ್ತು. ಗದಗಿನಲ್ಲಿ ಅದು ಯಾರಿಗೂ ಹೊಸ ಸಂಗತಿಯಾಗಿರಲಿಲ್ಲ.

ಹಾಸ್ಟೆಲುಗಳಿಗೆ ರೊಟ್ಟಿ ಹೊರುವ ಗುರುಬಸವ್ವನ ಎಡಗಾಲಿಗೆ ಬಂದದ್ದು ತೀರಿಹೋದ ಅಂದಾನೆಪ್ಪ ಎಂಬವನ ಪಾದ. ಮೂರು ಮಹಡಿಯ ಮೆಟ್ಟಿಲನ್ನು ಅದೇ ನೂಕಿ ಹತ್ತಿಸುತ್ತಿತ್ತು. ಅವಳ ಹಳೆಯ ಸಾದಾ ಪಾದದ ಹಾಗೆ ಮೊಣಕಾಲು ಹಿಂಡುತ್ತಿರಲಿಲ್ಲ.

“ಹದಿನೈದು ದಿನದಾಗ ನಿಮ್ಮ ನಡಿಗಿ ಕಲೀತೈತ್ರಿ. ಎಷ್ಟು ಅಡ್ಡಾಡ್ತೀರಿ, ಅಷ್ಟು ಲಗೂನ ಹಳೇದು ಮರೀತೈತಿ. ನಡುವ ಅಡ್ಡಾಡೋದು ಬಿಟ್ರ ಹಳೇದ ತಿರುಗಿ ಬರ್ತೈತಿ,” ಎಂದಿದ್ದಳು ಪಾದ ಕಟ್ಟಿದ ಡಾಕ್ಟರಮ್ಮ.

ಮೊದಲ ದಿನವೇ ಪಾದ ಇಮಾಮಸಾಬನ ಚಹಾದಂಗಡಿ ಮುಂದೆ ನಿಂತುಬಿಟ್ಟಿತು. ಹೆಜ್ಜೆಯ ಸಪ್ಪಳ ಕೇಳಿದ ಮುದುಕ ತಿರುಗಿಯೂ ನೋಡದೆ ಒಂದು ಚಹಾವನ್ನು ಎರಡು ಗ್ಲಾಸಿಗೆ ಬೈಟು ಮಾಡಿ, ಒಂದನ್ನು ಚಾಚಿದ. ಆಮೇಲೆ ಮುಖ ನೋಡಿದ.

“ಹತ್ತು ವರ್ಷ ನಾನೂ ಅಂದಾನೆಪ್ಪನೂ ಹಿಂಗ ಕುಡದೇವಿ, ಯವ್ವಾ. ಇವತ್ತ ನೀ ಕುಡಿ.”

ದಿನಾ ಹಾಗೇ ನಡೆಯಿತು. ಹತ್ತನೆಯ ದಿನ ಪಾದ ಅಂಗಡಿ ದಾಟಿ ಮುಂದೆ ಹೋಯಿತು. ಬದಲಾದ ಸಪ್ಪಳದಿಂದ ಇಮಾಮಸಾಬನಿಗೆ ಗುರುತೇ ಹತ್ತಲಿಲ್ಲ. ಗುರುಬಸವ್ವ ಹಿಂದಿರುಗಿ ಬಂದು ಕೂಗಿದಾಗ, ಎಲ್ಲ ಗಿರಾಕಿಗಳಿಗೆ ಕೊಡುವಂತೆ ತುಂಬಿದ ಗ್ಲಾಸು ಕೊಟ್ಟ.

ಮರುದಿನ ಅವಳು ಸಾದಾ ಪಾದ ಕಟ್ಟಿಕೊಂಡು, ಮೆಟ್ಟಿಲಿಗೊಮ್ಮೆ ನಿಟ್ಟುಸಿರು ಬಿಡುತ್ತ ಮೂರೂ ಮಹಡಿ ಹತ್ತಿ ಇಳಿದಳು. ಓಣಿಯ ತುದಿಯ ಕಟ್ಟೆಯ ಮೇಲೆ ಕೂತು, ಕೈಚೀಲದಿಂದ ಅಂದಾನೆಪ್ಪನ ಪಾದ ತೆಗೆದು ಕಟ್ಟಿಕೊಂಡಳು. ಅಲ್ಲಿಂದ ಅಂಗಡಿಗೆ ಮೂವತ್ತೇ ಹೆಜ್ಜೆ.

“ನೀ ಇನ್ನೇನೂ ಕಲೀಬ್ಯಾಡ,” ಎಂದು ಅದನ್ನು ಗದರಿಸಿ ಎದ್ದಳು.

ಇಮಾಮಸಾಬ ತಿರುಗಿ ನೋಡಲಿಲ್ಲ. ಹಳೆಯ ಹೆಜ್ಜೆ ಸಪ್ಪಳ ಕೇಳಿ ಎರಡು ಗ್ಲಾಸು ತೊಳೆದಿಟ್ಟ.